ಅವ್ವ ಬಲಿಪೂಜೆಗೆ ತಂದ ಟಗರು

ಶಿಕಾರಿಪುರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಅಂಗಡಿ ಅಂದರೆ ಎರಡು ಮಿಷನ್ನು, ಒಂದು ಇಸ್ತ್ರಿ ಮೇಜು, ಗೋಡೆ ತುಂಬ ಹೊಲಿದು ಮುಗಿಸಿದ ಮತ್ತು ಹೊಲಿಯಬೇಕಾದ ಬ್ಲೌಸುಗಳು. ಯಾವುದು ಮುಗಿದದ್ದು, ಯಾವುದು ಮುಗಿಯದ್ದು ಅನ್ನುವುದು ನನಗೇ ಎಷ್ಟೋ ಸಲ ಗೊತ್ತಾಗುವುದಿಲ್ಲ. ಅವ್ವ ಜಡೆ ಕಡೆಯ ನಮ್ಮ ಊರಿನಿಂದ ತಿಂಗಳಿಗೊಮ್ಮೆ ಬಂದು ನಾಲ್ಕು ದಿನ ಇದ್ದು ಹೋಗುತ್ತಾಳೆ. ಬಂದರೆ ಸುಮ್ಮನೆ ಕೂರುವ ಜಾತಿಯಲ್ಲ. ಬಾಗಿಲ ಹತ್ತಿರ ಸ್ಟೂಲ್ ಹಾಕಿಕೊಂಡು ಬಟ್ಟೆಗಂಟಿದ ದಾರದ ಚೂರು ಆರಿಸುತ್ತಾ, ಬರುವ ಗಿರಾಕಿಗಳ ಊರು, ಮನೆತನ, ಮಕ್ಕಳು ಎಲ್ಲ ವಿಚಾರಿಸುತ್ತಾ ಇರುತ್ತಾಳೆ.

ಅಂಥ ಒಂದು ದಿನ ಆಸ್ಪತ್ರೆಯ ಗ್ರೇಸಿ ಸಿಸ್ಟರ್ ಬಂದು ಒಂದು ಕಾರ್ಡು ಕೊಟ್ಟು ಹೋದರು. ಅವಸರದಲ್ಲಿದ್ದರು, ಕೂರಲಿಲ್ಲ. ಅವ್ವನ ಕೈ ಹಿಡಿದು, ನೀವು ಬರಲೇಬೇಕು, ಶಾಂತಾ ನಿನ್ನ ತಾಯಿನ ಕರ್ಕೊಂಡು ಬಾ ಅಂತ ಹೇಳಿ ಸ್ಕೂಟಿ ಹತ್ತಿದರು. ನಾನು ಕಾರ್ಡು ಬಿಡಿಸಿ ಅವ್ವನಿಗೆ ಓದಿ ಹೇಳಿದೆ. ಗ್ರೇಸಿ ಸಿಸ್ಟರ್ ನರ್ಸ್ ಕೆಲಸದಿಂದ ನಿವೃತ್ತರಾಗುತ್ತಿದ್ದಾರೆ, ಅದಕ್ಕೆ ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಕೃತಜ್ಞತಾ ಬಲಿಪೂಜೆ, ಆಮೇಲೆ ಊಟ.

ಅವ್ವ ದಾರ ಆರಿಸುವುದು ನಿಲ್ಲಿಸಿದಳು.

"ಏನ್ ಕಡೀತಾರಂತೆ?" ಅಂದಳು.

ಏನೂ ಕಡಿಯುವುದಿಲ್ಲ ಅಂದೆ. ಹಾಗಾದರೆ ಬಲಿ ಅಂತ ಯಾಕೆ ಬರೆದಿದ್ದಾರೆ ಅಂದಳು. ನಾನು ಕಾರ್ಡನ್ನು ಮತ್ತೆ ನೋಡಿದೆ. ಬಲಿ ಅಂತಲೇ ಇತ್ತು. ನನ್ನ ಪೇಚಾಟ ಶುರುವಾಗಿದ್ದು ಅಲ್ಲಿಂದ.

ಕ್ರೈಸ್ತರ ವಿಚಾರದಲ್ಲಿ ನನ್ನ ಜ್ಞಾನ ಎಷ್ಟು ಅಂತ ಮೊದಲೇ ಹೇಳಿಬಿಡುತ್ತೇನೆ. ಡಿಸೆಂಬರಿನಲ್ಲಿ ಸಿಸ್ಟರ್ ಮನೆಯಿಂದ ಬರುವ ಕೇಕು ಮತ್ತು ಕರಿದ ಸಿಹಿತಿಂಡಿ ಕಲ್‌ಕಲ್, ವರ್ಷಕ್ಕೊಂದೆರಡು ಪುಟ್ಟ ಹುಡುಗಿಯರಿಗೆ ಹೊಲಿದುಕೊಡುವ ಬಿಳಿ ಫ್ರಾಕು, ಇಷ್ಟೇ. ಇನ್ನೊಂದು ಉಂಟು. ನಾನು ಚಿಕ್ಕವಳಾಗಿದ್ದಾಗ ನಮ್ಮ ಮನೆಯ ಗೋಡೆಯ ಮೇಲೆ ಸಿಸ್ಟರ್ ಕೊಟ್ಟ ಕ್ಯಾಲೆಂಡರ್ ಇತ್ತು. ಅದರಲ್ಲಿ ಗಡ್ಡ ಬಿಟ್ಟ ಒಬ್ಬರು ಹೆಗಲ ಮೇಲೆ ಕುರಿಮರಿ ಹೊತ್ತು ನಿಂತಿದ್ದರು. ನಾವು ಕುರಿ ಸಾಕುವವರು. ಅಪ್ಪನಿಗೆ ಆ ಚಿತ್ರದ ಮೇಲೆ ಬಲು ಮಮತೆ. ಆದರೆ ಮರಿ ಹೊತ್ತ ರೀತಿ ಸರಿಯಿಲ್ಲ ಅಂತ ಅವನ ತಕರಾರು. ಹಿಂಗಾಲು ಬಿಟ್ಟು ಹೊತ್ತರೆ ಮರಿ ಜಾರುತ್ತೆ, ನಾಲ್ಕೂ ಕಾಲು ಮುಂದೆ ತಂದು ಒಂದೇ ಕೈಯಲ್ಲಿ ಹಿಡೀಬೇಕು ಅಂತ ಬಂದವರಿಗೆಲ್ಲ ತೋರಿಸುತ್ತಿದ್ದ. ಒಮ್ಮೆ ಸಿಸ್ಟರಿಗೇ ಹೇಳಿದ. ಅವರು ನಕ್ಕು, ನಮ್ಮ ದೇವರು ಕುರಿ ಕಾಯುವವನೂ ಹೌದು, ದೇವರ ಕುರಿಮರಿಯೂ ಅವನೇ ಅಂದರಂತೆ. ಅಪ್ಪ ಅವತ್ತೆಲ್ಲ ಯೋಚನೆ ಮಾಡಿದ. ನಮ್ಮಲ್ಲಿ ದೇವರ ಕುರಿ ಅಂದರೆ ಅರ್ಥ ಒಂದೇ: ದೇವರಿಗೆ ಅಂತ ಹರಕೆ ಹೊತ್ತು, ಕಿವಿಗೆ ಗುರುತು ಮಾಡಿ, ಮೇಯಿಸಿ ಬೆಳೆಸಿ, ಒಂದು ದಿನ ಒಪ್ಪಿಸುವ ಕುರಿ. ಕಾಯುವವನೇ ಕಡಿಸಿಕೊಳ್ಳುವ ಕುರಿಯೂ ಹೇಗಾದಾನು ಅನ್ನುವುದು ಅಪ್ಪನಿಗೆ ಬಗೆಹರಿಯದೇ ಹೋಯಿತು.

ಅಪ್ಪನಿಗೆ ಬಗೆಹರಿಯದ್ದು ನನಗೂ ಬಗೆಹರಿದಿಲ್ಲ. ಕಾರ್ಡು ಬಂದ ವಾರ ಸಿಸ್ಟರ್ ಅಳತೆ ಕೊಡಲು ಬಂದರು, ನಿವೃತ್ತಿ ದಿನಕ್ಕೆ ರೇಷ್ಮೆ ಬ್ಲೌಸು. ಅಷ್ಟೊತ್ತಿಗೆ ಅವ್ವ ಊರಿಗೆ ಹೋಗಿದ್ದಳು. ಟೇಪು ಹಿಡಿದುಕೊಂಡೇ ಕೇಳಿದೆ. ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಬಹಳ ಹಿಂದೆ ಅವರ ಧರ್ಮದ ಮೂಲದಲ್ಲೂ ಕುರಿ, ಹೋರಿ, ಪಾರಿವಾಳ ಎಲ್ಲ ಒಪ್ಪಿಸುತ್ತಿದ್ದರಂತೆ. ತಪ್ಪಿಗೊಂದು, ಹೆರಿಗೆಗೊಂದು, ಹಬ್ಬಕ್ಕೊಂದು. ಎಷ್ಟು ಕೊಟ್ಟರೂ ಸಾಲದು, ಮತ್ತೆ ಕೊಡಬೇಕು. ಕೊನೆಗೆ ಯೇಸು ತನ್ನನ್ನೇ ಕೊಟ್ಟುಕೊಂಡನಂತೆ, ಎಲ್ಲರ ಪರವಾಗಿ, ಒಂದೇ ಸಲ. ಅಲ್ಲಿಗೆ ಬಲಿ ಕೊಡುವ ಕೆಲಸ ಮುಗಿಯಿತು. ಆಮೇಲೆ ಯಾವ ಪ್ರಾಣಿಯನ್ನೂ ಯಾರೂ ಕೊಡಬೇಕಾಗಿಲ್ಲ.

ಇಷ್ಟು ನನಗೆ ತಿಳಿಯಿತು. ತಿಳಿದ ಖುಷಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಿ ಕೆಟ್ಟೆ. ಹಾಗಾದರೆ ಭಾನುವಾರದ ಬಲಿಪೂಜೆ ಯಾವುದು ಅಂದೆ. ಅದು ಅದೇ ಬಲಿ, ಹೊಸದಲ್ಲ ಅಂದರು. ಪ್ರತಿ ಭಾನುವಾರವೂ ಅದೇನಾ ಅಂದೆ. ಪ್ರತಿ ದಿನವೂ ಅಂದರು. ಮುಗಿದದ್ದು ಪ್ರತಿ ದಿನ ಹೇಗೆ ನಡೆಯುತ್ತದೆ ಅಂದೆ. ಸಿಸ್ಟರ್ ಸ್ವಲ್ಪ ಯೋಚಿಸಿ, ಮತ್ತೆ ಮಾಡೋದಲ್ಲ ಶಾಂತಾ, ಅದರ ಮುಂದೆ ಹೋಗಿ ನಿಲ್ಲೋದು ಅಂದರು. ನಾನು ತಲೆ ಆಡಿಸಿದೆ. ಅವರು ಹೋದಮೇಲೆ ಅದನ್ನೇ ಯೋಚಿಸುತ್ತಾ ಕತ್ತರಿ ಹಿಡಿದೆ. ಎರಡು ತೋಳನ್ನೂ ಎಡಗೈಗೇ ಕತ್ತರಿಸಿದ್ದು ಹೊಲಿಯುವಾಗ ಗೊತ್ತಾಯಿತು. ರೇಷ್ಮೆ ಬಟ್ಟೆ, ಉಳಿದ ಚೂರಿನಲ್ಲಿ ಹೇಗೋ ಜೋಡಿಸಿದೆ. ಇವತ್ತಿಗೂ ಸಿಸ್ಟರಿಗೆ ಗೊತ್ತಿಲ್ಲ. ನೀವೂ ಹೇಳಬೇಡಿ.

ಈಗ ಹಿಂದಿನ ಒಂದು ಸಂಗತಿ ಹೇಳಬೇಕು. ಅದಿಲ್ಲದೆ ಅವ್ವ ಆ ಭಾನುವಾರ ಮಾಡಿದ್ದು ನಿಮಗೆ ಬರೀ ತಮಾಷೆಯಾಗಿ ಕಾಣುತ್ತದೆ.

ನನಗೊಬ್ಬಳು ತಂಗಿ ಇದ್ದಳು, ಗಿರಿಜಾ. ನನಗೆ ಹನ್ನೆರಡು, ಅವಳಿಗೆ ಹತ್ತು. ಕುರಿ ದೊಡ್ಡಿಗೆ ಹಾಸಲು ತರಗೆಲೆ ತರುವುದು ನಮ್ಮಿಬ್ಬರ ಕೆಲಸ. ಆ ವರ್ಷ ಬೇಸಗೆಗೆ ಮುಂಚೆ ಕಾಡಂಚಿನಲ್ಲಿ ಮಂಗ ಸತ್ತು ಬಿದ್ದಿವೆ ಅಂತ ಸುದ್ದಿಯಾಗಿತ್ತು. ಕ್ಯಾಸನೂರಿನ ಹೆಸರು ಹೊತ್ತ ಮಂಗನ ಕಾಯಿಲೆ ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ತರಗೆಲೆ ಬೇಕಲ್ಲ, ಹೋದೆವು. ಆ ಕಾಯಿಲೆ ಹರಡುವ ಉಣುಗು ಮೈಗೆ ಕಚ್ಚಿಕೊಂಡದ್ದನ್ನು ಕಿತ್ತು ಬಿಸಾಕಿ ಬಂದೆವು. ನಾಲ್ಕೈದು ದಿನಕ್ಕೆ ಇಬ್ಬರೂ ಒಟ್ಟಿಗೇ ಮಲಗಿದೆವು. ತಲೆ ಸಿಡಿಯುವ ನೋವು, ಮೈ ಕೆಂಡ. ಅಪ್ಪ ಗಾಡಿ ಕಟ್ಟಿಕೊಂಡು ಬಸ್ಸಿನ ದಾರಿವರೆಗೆ ತಂದು, ಅಲ್ಲಿಂದ ಸೊರಬದ ಆಸ್ಪತ್ರೆಗೆ ಸೇರಿಸಿದ.

ಗ್ರೇಸಿ ಸಿಸ್ಟರ್ ಆಗ ಅಲ್ಲಿ ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಸಾಗರದ ಕಡೆಯವರು, ಮನೆಮಾತು ಕೊಂಕಣಿ, ಕನ್ನಡವನ್ನು ಪುಸ್ತಕದಲ್ಲಿರುವಂತೆ ಮಾತಾಡುತ್ತಿದ್ದರು. ಆ ಜ್ವರಕ್ಕೆ ಇಂಥದೇ ಔಷಧಿ ಅಂತಿಲ್ಲ. ನೀರು ಹತ್ತಿಸಬೇಕು, ಮೈ ಒರೆಸಬೇಕು, ಕಾಯಬೇಕು. ಅವರು ಒರೆಸುತ್ತಾ ಕಾಯುತ್ತಾ ಇದ್ದರು. ನಮ್ಮಿಬ್ಬರ ಮಂಚ ಜೋಡಿಸಿ ಹಾಕಿಸಿದ್ದರು, ಬೇರೆ ಮಾಡಿದರೆ ಗಿರಿಜಾ ಅಳುತ್ತಿದ್ದಳಂತೆ.

ಎಂಟನೇ ದಿನ ಗಿರಿಜಳ ಮೂಗಿನಲ್ಲಿ ರಕ್ತ ಬಂತು. ಅವತ್ತು ಅವ್ವ ಆಸ್ಪತ್ರೆಯ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಊರ ದಿಕ್ಕಿಗೆ ತಿರುಗಿ ನಿಂತು ಮಾರಮ್ಮನಿಗೆ ಮಾತು ಕೊಟ್ಟಳು. ನನ್ನ ಎರಡೂ ಹುಡುಗಿಯರನ್ನು ಮನೆಗೆ ಕಳಿಸಿಕೊಡು, ಒಂದು ಟಗರು ಒಪ್ಪಿಸುತ್ತೇನೆ. ಜೋರಾಗಿಯೇ ಹೇಳಿದ್ದಳು. ಪಕ್ಕದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ ಗ್ರೇಸಿ ಸಿಸ್ಟರೂ ಕೇಳಿಸಿಕೊಂಡಿದ್ದರು.

ಎರಡು ದಿನಕ್ಕೆ ಗಿರಿಜಾ ಹೋದಳು. ಊಟದ ಹೊತ್ತು. ನನಗೆ ನೆನಪಿರುವುದು ಇಷ್ಟೇ: ಸಿಸ್ಟರ್ ಬಂದು ನನ್ನ ಮಂಚವನ್ನು ಪಕ್ಕಕ್ಕೆ ಎಳೆದರು, ನೆಲಕ್ಕೆ ಉಜ್ಜಿ ಕಿರ್ರೆಂದು ಶಬ್ದವಾಯಿತು. ನನ್ನ ಜ್ವರ ಅದರ ಮಾರನೇ ದಿನದಿಂದ ಇಳಿಯಿತು.

ಹರಕೆಯ ಸಮಸ್ಯೆ ಹುಟ್ಟಿದ್ದು ಆಮೇಲೆ. ಅಪ್ಪ ಹೇಳಿದ, ಟಗರು ಕೊಡುವ ಹಾಗಿಲ್ಲ. ಮಾತಾಡಿದ್ದು ಎರಡಕ್ಕೆ, ದೇವಿ ಕಳಿಸಿದ್ದು ಒಂದನ್ನು. ಅವ್ವ ಹೇಳಿದಳು, ಒಂದನ್ನಾದರೂ ಕಳಿಸಿದಳಲ್ಲ. ಪೂಜಾರಿಯನ್ನು ಕೇಳಿದರು. ಅವನೂ ಪಾಪ ತಲೆ ಕೆರೆದುಕೊಂಡ. ಪೂರ್ತಿ ಆಗದ ಕೆಲಸಕ್ಕೆ ಹರಕೆ ಇಲ್ಲ ಅಂತ ಒಂದು ದಿನ, ಅರ್ಧ ಟಗರು ಅಂತ ಎಲ್ಲೂ ಇಲ್ಲ, ಕೊಟ್ಟರೆ ಪೂರ್ತಿ ಕೊಡಬೇಕು ಅಂತ ಇನ್ನೊಂದು ದಿನ. ಮಾರಿಹಬ್ಬ ಬಂದಾಗಲೆಲ್ಲ ಅವ್ವ ಒಂದು ಗಂಡುಮರಿಯ ಕಿವಿಗೆ ಗುರುತು ಮಾಡಿ ಬೇರೆ ಕಟ್ಟಿ ಮೇಯಿಸುತ್ತಿದ್ದಳು. ಹಬ್ಬದ ಹಿಂದಿನ ದಿನ ಅಪ್ಪ ಹಗ್ಗ ಬಿಚ್ಚಿ ಮಂದೆಗೆ ಬಿಡುತ್ತಿದ್ದ. ಇಬ್ಬರೂ ಆ ಬಗ್ಗೆ ಜಗಳವಾಡಿದ್ದನ್ನು ನಾನು ನೋಡಿಲ್ಲ. ಅವಳು ಕಟ್ಟುವಳು, ಅವನು ಬಿಚ್ಚುವನು. ಹಬ್ಬ ಮುಗಿದ ಮೇಲೆ ಇಬ್ಬರೂ ಎರಡು ದಿನ ಮಾತು ಬಿಡುವರು. ಗಿರಿಜಳ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಹೆಸರೆತ್ತಿದರೆ ಟಗರಿನ ಮಾತು ಬರುತ್ತದಲ್ಲ.

ಇದರ ನಡುವೆ ಬೆಳೆದವಳು ನಾನು. ದೇವಿ ಕೊಟ್ಟದ್ದು ಅಂತ ಅವ್ವನ ಲೆಕ್ಕ, ಉಳಿದದ್ದು ಅಂತ ಅಪ್ಪನ ಲೆಕ್ಕ. ನಾನು ಯಾವುದು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಶಾಲೆಯಲ್ಲಿ ಪಾಸಾದಾಗ, ಮದುವೆಯಾದಾಗ, ಮಗ ಹುಟ್ಟಿದಾಗ, ಎಲ್ಲ ಖುಷಿಯ ಹೊತ್ತಿನಲ್ಲೂ ಕಿವಿಗೆ ಗುರುತಿರುವ ಒಂದು ಟಗರು ನನ್ನ ಹಿಂದೆ ನಿಂತು ಮೆಲುಕು ಹಾಕುತ್ತಿರುವ ಹಾಗೆ ಅನ್ನಿಸುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಬಿಚ್ಚುವವರು ಇರಲಿಲ್ಲ. ಮುಂದಿನ ಮಾರಿಹಬ್ಬಕ್ಕೆ ಅವ್ವ ಟಗರು ಹಿಡಿದುಕೊಂಡು ಗುಡಿಗೆ ಹೋದಳು. ಅಷ್ಟು ಹೊತ್ತಿಗೆ ಗುಡಿಯ ಮುಂದೆ ಪ್ರಾಣಿಬಲಿ ನಿಷೇಧ ಅಂತ ಬೋರ್ಡು ಬಿದ್ದಿತ್ತು, ಬಾಗಿಲಲ್ಲಿ ಪೊಲೀಸರು ನಿಂತಿದ್ದರು. ಹಳೇ ಪೂಜಾರಿಯ ಮಗ ಈಗ ಪೂಜಾರಿ. ಅವನು ಬೂದುಗುಂಬಳಕಾಯಿಗೆ ಕುಂಕುಮ ಬಳಿದು ಒಡೆದು, ಅಮ್ಮ ಇದನ್ನೇ ಟಗರು ಅಂತ ತಗೊಳ್ತಾಳೆ, ನೀವು ಕೈ ಮುಗೀರಿ ಅಂದನಂತೆ. ಕೆಲವರು ಗದ್ದೆಯ ಕಡೆ ಹೋಗಿ ಮಾಡಿಕೊಂಡು ಬರುತ್ತಾರೆ. ಅವ್ವನಿಗೆ ಕದ್ದು ಕೊಡುವುದು ಸರಿಬರಲಿಲ್ಲ. ಕೈ ಮುಗಿದಳು, ಟಗರು ಹಿಡಿದುಕೊಂಡು ವಾಪಸು ಬಂದಳು. ಕುಂಬಳಕಾಯಿ ಒಡೆದದ್ದು ಹರಕೆ ತೀರಿದ ಲೆಕ್ಕವೋ ಅಲ್ಲವೋ ಅಂತ ನನ್ನನ್ನು ಕೇಳಿದಳು. ನಾನು ಗೊತ್ತಿಲ್ಲ ಅಂದೆ. ಬೇರೆ ಏನು ಹೇಳಲಿ, ನೀವೇ ಹೇಳಿ.

ಆ ಭಾನುವಾರ ನಾನು ಬ್ಲೌಸು ತೊಡಿಸಿ, ತೋಳು ಸರಿ ಕೂತಿದೆ ಅಂತ ಖಾತ್ರಿ ಮಾಡಿಕೊಂಡು, ಸಿಸ್ಟರ್ ಜೊತೆಗೇ ಚರ್ಚಿಗೆ ಹೋದೆ. ಊರಿನ ಅಂಚಿನಲ್ಲಿರುವ ಸಣ್ಣ ಚರ್ಚು. ಅವ್ವ, ಊರಲ್ಲಿ ಮಂದೆ ನೋಡಿಕೊಂಡಿರುವ ನನ್ನ ಅಣ್ಣನ ಜೊತೆ, ನೇರ ಬರುವುದಾಗಿ ಫೋನು ಮಾಡಿದ್ದಳು. ಗೇಟಿನ ಹತ್ತಿರ ಕಾಯುತ್ತಿದ್ದೆ. ಅಣ್ಣ ಲಗೇಜ್ ಆಟೋ ತಂದು ನಿಲ್ಲಿಸಿದ. ಮುಂದೆ ಅವ್ವ, ಹಸಿರು ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು. ಹಿಂದೆ ಟಗರು. ಕೊಂಬಿಗೆ ಅರಿಶಿನ, ಹಣೆಗೆ ಕುಂಕುಮ, ಕೊರಳಲ್ಲಿ ಚೆಂಡುಹೂವಿನ ಮಾಲೆ.

ಅಣ್ಣ ನನ್ನ ಮುಖ ನೋಡದೆ, ನಾನು ಹೇಳಿದೆ, ಕೇಳಲಿಲ್ಲ ಅಂದ. ನಾನು ಅವ್ವನನ್ನು ಪಕ್ಕಕ್ಕೆ ಕರೆದು ಇದೇನು ಅಂದೆ. ಅವಳು ಸಮಾಧಾನವಾಗಿಯೇ ಹೇಳಿದಳು. ಅವತ್ತು ನಿನ್ನ ಮೈ ಒರೆಸಿದ್ದು ಇವರು, ನಾನು ಮಾತು ಕೊಟ್ಟಾಗ ಪಕ್ಕದಲ್ಲಿದ್ದದ್ದೂ ಇವರೇ. ಗುಡಿಯಲ್ಲಿ ತಗೊಳ್ಳಲಿಲ್ಲ. ಇಲ್ಲಿ ಬಲಿಪೂಜೆ ಅಂತ ಅಚ್ಚು ಹಾಕಿಸಿ ಕರೆದಿದ್ದಾರೆ. ಇಷ್ಟು ವರ್ಷ ನಾನು ಯಾರಿಗೆ ಕೊಡಬೇಕು ಅನ್ನುವುದನ್ನೇ ತಪ್ಪು ತಿಳಿದಿದ್ದೆನೋ ಏನೋ.

ಅಷ್ಟರಲ್ಲಿ ಫಾದರ್ ಬಂದರು. ಚಿಕ್ಕ ವಯಸ್ಸಿನವರು, ಬಂದು ವರ್ಷವಾಗಿರಬೇಕು. ನಾನು ತೊದಲುತ್ತಾ ವಿಷಯ ಹೇಳಿದೆ. ನಗುತ್ತಾರೆ ಇಲ್ಲ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಎರಡೂ ಮಾಡಲಿಲ್ಲ. ಅವ್ವನ ಎದುರು ಕೈ ಮುಗಿದು, ಅಮ್ಮ, ಇಲ್ಲಿ ಪ್ರಾಣಿ ಒಪ್ಪಿಸುವುದಿಲ್ಲ, ನೀವು ಇಷ್ಟು ದೂರ ತಂದಿರಿ ಅಂತ ನನಗೆ ಬೇಜಾರಾಗ್ತಿದೆ, ಒಳಗೆ ಬಂದು ಕೂತ್ಕೊಳ್ಳಿ, ಇದನ್ನ ನೆರಳಲ್ಲಿ ಕಟ್ಟಿಸ್ತೀನಿ ಅಂದರು. ತಾವೇ ಹೋಗಿ ಬಕೆಟಿನಲ್ಲಿ ನೀರು ತಂದಿಟ್ಟರು. ಅವ್ವನ ಕೈ ಹಗ್ಗ ಬಿಟ್ಟ ಮೇಲೂ ಹಗ್ಗ ಹಿಡಿದ ಹಾಗೇ ಮುಚ್ಚಿಕೊಂಡಿತ್ತು.

ಒಳಗೆ ನಾವು ಕಿಟಕಿಯ ಪಕ್ಕ ಹಿಂದಿನ ಬೆಂಚಿನಲ್ಲಿ ಕೂತೆವು. ಎಲ್ಲರೂ ಎದ್ದಾಗ ಎದ್ದೆವು, ಕೂತಾಗ ಕೂತೆವು. ಮಂಡಿಯೂರಿದಾಗ ಮಾತ್ರ ಅವ್ವನಿಗೆ ಆಗಲಿಲ್ಲ, ಸೆರಗು ಸರಿಮಾಡಿಕೊಂಡು ಕೂತಳು. ಹಾಡು ಚೆನ್ನಾಗಿದ್ದವು. ಫಾದರ್ ಒಂದು ಹಂತದಲ್ಲಿ ಕಾಗದ ತೆಗೆದು ಓದಿದರು. ಸಿಸ್ಟರ್ ಇಷ್ಟು ವರ್ಷ ಮಾಡಿದ ಸೇವೆಗೆ ದೇವರಿಗೆ ವಂದನೆ. ಆಮೇಲೆ, ಅವರ ಕೈಯಲ್ಲಿ ಗುಣವಾಗದೆ ತೀರಿಕೊಂಡವರನ್ನೂ ಈ ಬಲಿಪೂಜೆಯಲ್ಲಿ ನೆನೆಯೋಣ ಅಂದು, ಸಿಸ್ಟರ್ ಬರೆದುಕೊಟ್ಟಿದ್ದ ಹೆಸರುಗಳನ್ನು ಓದಲು ಶುರುಮಾಡಿದರು.

ಮೊದಲನೇ ಹೆಸರು ಗಿರಿಜಾ. ಜಡೆ ಕಡೆಯವಳು, ಹತ್ತು ವರ್ಷ.

ಆಮೇಲೆ ಇನ್ನೂ ಹೆಸರುಗಳಿದ್ದವು. ನನಗೆ ಯಾವುದೂ ಕೇಳಿಸಲಿಲ್ಲ. ಅವ್ವ ನನ್ನ ಮುಂಗೈ ಹಿಡಿದಿದ್ದಳು. ಬಹಳ ಹೊತ್ತು ಹಿಡಿದಿದ್ದಳು. ಮುಂದೆ ಫಾದರ್ ಹಪ್ಪಳದ ಹಾಗಿನ ತೆಳ್ಳನೆಯ ಬಿಳಿ ರೊಟ್ಟಿಯನ್ನು ಮುರಿದು, ಅದನ್ನು ಎತ್ತಿ ಹಿಡಿದು, ದೇವರ ಕುರಿಮರಿ ಅಂದಾಗ ಅವ್ವ ತಟ್ಟನೆ ಕಿಟಕಿಯ ಕಡೆ ತಿರುಗಿ ಟಗರನ್ನು ನೋಡಿದಳು. ಅದು ತನ್ನ ಕೊರಳಿನ ಮಾಲೆಯ ತುದಿಯನ್ನು ತಿನ್ನುತ್ತಾ ನಿಂತಿತ್ತು.

ಪೂಜೆ ಮುಗಿದು ಅಂಗಳದಲ್ಲಿ ಶಾಮಿಯಾನದ ಕೆಳಗೆ ಊಟ. ಅನ್ನ, ಚಪಾತಿ, ತರಕಾರಿ ಪಲ್ಯ, ಮಟನ್ ಸಾರು. ಸಿಸ್ಟರ್ ಎಲ್ಲರನ್ನೂ ಬಿಟ್ಟು ನಮ್ಮ ಹತ್ತಿರ ಬಂದು ಕೂತರು. ಅವ್ವನಿಗೆ ತಾವೇ ಬಡಿಸಿದರು. ಅವ್ವ ತಟ್ಟೆ ನೋಡುತ್ತಾ, ಈ ಕುರಿಯನ್ನು ಯಾರಿಗೆ ಒಪ್ಪಿಸಿದ್ದು ಅಂತ ಕೇಳಿದಳು. ಯಾರಿಗೂ ಇಲ್ಲ ಅವ್ವ, ಅಂಗಡಿಯಿಂದ ತಂದಿದ್ದು ಅಂದರು ಸಿಸ್ಟರ್.

"ಹಂಗಾದ್ರೆ ಕಡಿಯೋದು ನಿಂತಿಲ್ಲ," ಅಂದಳು ಅವ್ವ. "ಕೊಡೋದು ಮಾತ್ರ ನಿಂತಿದೆ."

ವ್ಯಂಗ್ಯವಾಗಿ ಹೇಳಿದ್ದಲ್ಲ. ತಿಳಿದುಕೊಳ್ಳಲು ನೋಡುತ್ತಿದ್ದಳು. ಸಿಸ್ಟರ್ ತಮ್ಮ ತಟ್ಟೆಯಲ್ಲಿ ಕೈ ಇಟ್ಟುಕೊಂಡು ಕೂತರು. ನನಗೆ ಹೇಳಿದ್ದನ್ನೇ ಅವ್ವನಿಗೂ ನಿಧಾನವಾಗಿ ಹೇಳಿದರು, ಒಬ್ಬನೇ ಎಲ್ಲರ ಪರವಾಗಿ ಕೊಟ್ಟದ್ದನ್ನು. ಅವ್ವ ಗಮನವಿಟ್ಟು ಕೇಳಿದಳು.

"ಎಲ್ಲರದೂ ಅಂದ್ರೆ ನಂದೂ ಸೇರಿತಾ?"

"ಸೇರಿತು ಅವ್ವ."

"ನನ್ನ ಕೇಳ್ದೆ?"

ಅವ್ವ ಮುಂದುವರಿಸಿದಳು.

"ಮಾತು ಕೊಟ್ಟೋಳು ನಾನು ಸಿಸ್ಟ್ರೆ. ನನ್ನ ಮಕ್ಕಳಿಗೆ ನಾನು ಕೊಡಬೇಕಾಗಿತ್ತು. ಗುಡೀಲಿ ಕುಂಬಳಕಾಯಿ ಒಡೆದು ಆಯ್ತು ಅಂದ್ರು. ಇಲ್ಲಿ ಯಾವತ್ತೋ ಆಗಿಹೋಗಿದೆ ಅಂತೀರಿ. ನಾನಿನ್ನೂ ಏನೂ ಕೊಟ್ಟೇ ಇಲ್ಲ."

ಆಮೇಲೆ ಇನ್ನೂ ತಗ್ಗಿದ ದನಿಯಲ್ಲಿ, ಅವಳ ಹೆಸರನ್ನ ನೀವು ಯಾಕೆ ಬರೆದುಕೊಟ್ಟಿರಿ ಅಂದಳು.

ಸಿಸ್ಟರ್ ಹೇಳಿದ್ದನ್ನು ನಾನು ಮರೆಯಲಾರೆ. ಇವತ್ತು ಮಾತ್ರ ಅಲ್ಲ, ಪ್ರತಿ ವರ್ಷವೂ ಸತ್ತವರ ಪೂಜೆಯ ದಿನ ಬರೆದುಕೊಡುತ್ತಾರಂತೆ. ಸೊರಬದಲ್ಲಿದ್ದಾಗ, ಇಲ್ಲಿಗೆ ವರ್ಗವಾದ ಮೇಲೆ, ನಡುವೆ ಎರಡು ವರ್ಷ ಬೇರೆ ಊರಿನಲ್ಲಿದ್ದಾಗಲೂ. ಅವರ ಕೈಯಲ್ಲಿ ಮೊದಲು ಹೋದ ಮಗು ಗಿರಿಜಾ. ಅವತ್ತು ಅವ್ವ ಕಲ್ಲಿನ ಹತ್ತಿರ ನಿಂತು ಹೇಳಿದ್ದನ್ನು ಕೇಳಿಸಿಕೊಂಡು ಅವರೂ ಒಳಗೊಳಗೇ ಪ್ರಾರ್ಥನೆ ಮಾಡಿದ್ದರಂತೆ, ಎರಡೂ ಮಕ್ಕಳಿಗಾಗಿ. ಅವರಿಗೂ ಸಿಕ್ಕಿದ್ದು ಒಂದೇ.

"ಎಲ್ಲ ಮುಗಿದಿದೆ ಅಂತಲೇ ನಾನು ನಂಬಿರೋದು ಅವ್ವ," ಅಂದರು. "ಆದರೂ ವರ್ಷ ವರ್ಷ ಅವಳ ಹೆಸರು ಬರ್ಕೊಡ್ತೀನಿ. ಮುಗಿದಿದ್ರೆ ಯಾಕೆ ಬರೀಬೇಕು? ನನಗೂ ಗೊತ್ತಿಲ್ಲ. ಬರೀದೆ ಇರೋಕೆ ಆಗಲ್ಲ."

ಅವ್ವ ಅವರ ಮುಖವನ್ನೇ ನೋಡಿದಳು. ನಾನು ಅವರಿಬ್ಬರನ್ನೂ ನೋಡಿದೆ. ನನ್ನ ತಂಗಿಯ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತದೆ ಇದ್ದ ಅಷ್ಟೂ ವರ್ಷ, ಗುರುತಿಲ್ಲದ ಜನರ ನಡುವೆ, ನಮಗೆ ಗೊತ್ತಿಲ್ಲದ ಪೂಜೆಯಲ್ಲಿ, ಯಾರೋ ಅದನ್ನು ಜೋರಾಗಿ ಓದುತ್ತಿದ್ದರು. ಅದಕ್ಕೆ ಸಂತೋಷ ಪಡಬೇಕೋ, ನಮ್ಮನ್ನು ಕೇಳದೆ ಓದಿದರು ಅಂತ ಬೇಜಾರು ಮಾಡಿಕೊಳ್ಳಬೇಕೋ, ನಾವು ಓದಲಿಲ್ಲವಲ್ಲ ಅಂತ ನಾಚಬೇಕೋ ತಿಳಿಯಲಿಲ್ಲ. ಮೂರೂ ಒಟ್ಟಿಗೇ ಆಯಿತು. ಸಾರು ಖಾರವಾಗಿತ್ತು ಅಂತ ಹೇಳಿ ಕಣ್ಣು ಒರೆಸಿಕೊಂಡೆ. ಸಾರು ಅಷ್ಟೇನೂ ಖಾರವಿರಲಿಲ್ಲ.

ಊಟವಾದ ಮೇಲೆ ಪ್ರಶ್ನೆ ಟಗರಿನದು. ಫಾದರ್ ಮೆಲ್ಲಗೆ, ಪಕ್ಕದ ಊರಿನಲ್ಲಿ ಅನಾಥ ಮಕ್ಕಳ ಹಾಸ್ಟೆಲ್ ಇದೆ, ಅಲ್ಲಿಗೆ ದಾನ ಕೊಡಬಹುದು ಅಂದರು. ಒಳ್ಳೆಯ ಮಾತೇ. ಅವ್ವ ಬೇಡ ಅಂತ ತಲೆಯಾಡಿಸಿದಳು. ಮಕ್ಕಳ ಊಟಕ್ಕೆ ಬೇರೆ ಕೊಡುತ್ತೇನೆ, ಇದು ಹಾಗೆ ಕೊಡುವಂಥದ್ದಲ್ಲ ಅಂದಳು. ಹಾಗಾದರೆ ಹೇಗೆ ಕೊಡುವಂಥದ್ದು ಅಂತ ಯಾರಿಗೂ ಗೊತ್ತಿರಲಿಲ್ಲ. ಅಣ್ಣ ಗಡಿಯಾರ ನೋಡುತ್ತಿದ್ದ. ಅವ್ವ ಹಗ್ಗ ಹಿಡಿದು ಅಂಗಳದ ನಡುವೆ ನಿಂತಿದ್ದಳು, ಗುಡಿಯಿಂದ ವಾಪಸು ಬಂದಾಗಲೂ ಹೀಗೇ ನಿಂತಿದ್ದಿರಬೇಕು. ಎಪ್ಪತ್ತರ ಹತ್ತಿರದ ಹೆಂಗಸು, ಕೊಡಬೇಕು ಅಂತ ಹೊರಟವಳು, ತಗೊಳ್ಳುವವರು ಇಲ್ಲ.

ಆಗ ಗ್ರೇಸಿ ಸಿಸ್ಟರ್ ಮುಂದೆ ಬಂದರು.

"ನನಗೆ ಕೊಡಿ ಅವ್ವ," ಅಂದರು.

ಅವ್ವ ತಲೆಯೆತ್ತಿ ನೋಡಿದಳು.

"ಪೂಜೆಗಲ್ಲ, ದಾನಕ್ಕಲ್ಲ. ನನಗೆ ಕೊಡಿ. ನಾನು ತಗೋತೀನಿ."

ಅವ್ವ ಸೆರಗನ್ನು ತಲೆ ಮೇಲೆ ಸರಿಯಾಗಿ ಎಳೆದುಕೊಂಡಳು. ಚಪ್ಪಲಿ ಬಿಟ್ಟಳು. ಎರಡೂ ಕೈಯಲ್ಲಿ ಹಗ್ಗ ಹಿಡಿದು, ಸ್ವಲ್ಪ ಬಾಗಿ, ಸಿಸ್ಟರ್ ಕೈಗೆ ಇಟ್ಟಳು. ತುಟಿ ಅಲ್ಲಾಡಿತು, ಏನು ಹೇಳಿಕೊಂಡಳೋ ನನಗೆ ಕೇಳಿಸಲಿಲ್ಲ. ಸಿಸ್ಟರೂ ಚಪ್ಪಲಿ ಬಿಟ್ಟು ಎರಡೂ ಕೈಯಲ್ಲಿ ತಗೊಂಡರು. ಅಷ್ಟರಲ್ಲಿ ಟಗರು ಒಮ್ಮೆ ಜಗ್ಗಿತು, ಸಿಸ್ಟರ್ ರೇಷ್ಮೆ ಸೀರೆಯಲ್ಲಿ ಎರಡು ಹೆಜ್ಜೆ ಓಡಬೇಕಾಯಿತು. ಅಣ್ಣ ಹಿಡಿದುಕೊಂಡ. ಎಲ್ಲರೂ ನಕ್ಕರು, ಅವ್ವನೂ.

ಸಿಸ್ಟರ್ ಮನೆಯಲ್ಲಿ ಟಗರು ಕಟ್ಟುವ ಜಾಗ ಎಲ್ಲಿದೆ? ಅದು ನಮ್ಮ ಮಂದೆಯಲ್ಲೇ ಇರಲಿ, ಸಿಸ್ಟರದ್ದು ಅಂತ ಇರಲಿ ಅಂತ ತೀರ್ಮಾನವಾಯಿತು. ಹಾಗೆ ಅದು ಬಂದ ಆಟೋದಲ್ಲೇ ವಾಪಸು ಹೊರಟಿತು. ಹರಕೆ ತೀರಿತೋ ಇಲ್ಲವೋ ಅಂತ ನನ್ನನ್ನು ಕೇಳಬೇಡಿ. ಕೊಟ್ಟದ್ದು ಯಾರಿಗೆ, ಮಾತು ಕೊಟ್ಟದ್ದು ಯಾರಿಗೆ, ತಗೊಂಡವರು ಯಾರು, ಒಂದಕ್ಕೊಂದು ಹೊಂದುವುದಿಲ್ಲ. ಮಾರಮ್ಮ ಏನಂದುಕೊಂಡಳೋ, ಯೇಸು ಏನಂದುಕೊಂಡನೋ. ಒಂದೇ ಸಲ ಮುಗಿದು ಪ್ರತಿ ದಿನ ನಡೆಯುವುದನ್ನು ನಾನು ಇನ್ನೂ ಅರ್ಥ ಮಾಡಿಕೊಂಡಿಲ್ಲ. ಅರ್ಥ ಆದವರು ಅಂಗಡಿಗೆ ಬಂದು ಹೇಳಿದರೆ ಒಂದು ಬ್ಲೌಸು ಪುಕ್ಕಟೆ ಹೊಲಿದುಕೊಡುತ್ತೇನೆ.

ಅವ್ವನನ್ನು ಊರಿಗೆ ಮುಟ್ಟಿಸಿ ಬರೋಣ ಅಂತ ನಾನೂ ಹೊರಟೆ. ಅಣ್ಣ ಆಟೋ ಓಡಿಸುತ್ತಿದ್ದ. ಅವ್ವ ಮುಂದೆ ಕೂರಲು ಒಪ್ಪಲಿಲ್ಲ. ನಾವಿಬ್ಬರೂ ಹಿಂದೆ ಗೋಣಿಚೀಲ ಹಾಸಿಕೊಂಡು ಟಗರಿನ ಪಕ್ಕ ಕೂತೆವು. ಶಿರಾಳಕೊಪ್ಪ ದಾಟಿತು. ಆಮೇಲೆ ಅವ್ವ ರಸ್ತೆಯ ಕಡೆ ನೋಡುತ್ತಾ, ಗಾಳಿಯಲ್ಲೂ ಕೇಳಿಸುವಷ್ಟು ಜೋರಾಗಿ ಹೇಳಿದಳು.

"ಗಿರ್ಜಿಗೆ ಬೆಲ್ಲ ಅಂದ್ರೆ ಆಗ್ತಿರಲಿಲ್ಲ. ನೆನಪಿದೆಯಾ ನಿಂಗೆ?"

ಆ ಹೆಸರು ಅವ್ವನ ಬಾಯಲ್ಲಿ ಎಷ್ಟು ವರ್ಷಕ್ಕೆ ಬಂತು ಅಂತ ಲೆಕ್ಕ ಹಾಕಲು ಹೋಗಿ ತಪ್ಪಿದೆ. ನನಗೆ ನೆನಪಿದ್ದ ಗಿರಿಜಾ ಬೆಲ್ಲ ಕದ್ದು ಲಂಗದಲ್ಲಿ ಕಟ್ಟಿಕೊಂಡು ಓಡುವವಳು. ಅದಕ್ಕಾಗಿ ನಾವಿಬ್ಬರೂ ಹೊಡೆದಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಅಥವಾ ಕದ್ದವಳು ನಾನೇ ಇರಬಹುದು.

"ಹೂಂ," ಅಂದೆ.

ಅವ್ವ ಹೇಳುತ್ತಾ ಹೋದಳು. ಗಿರ್ಜಿ ಎಡಗೈಯಲ್ಲಿ ಬರೆಯುತ್ತಿದ್ದದ್ದು, ಮಳೆ ಬಂದರೆ ಮರಿಗಳಿಗೆ ತನ್ನ ಹೊದಿಕೆ ಹೊದಿಸುತ್ತಿದ್ದದ್ದು, ಸುಳ್ಳು ಹೇಳುವಾಗ ಕಿವಿ ಹಿಡಿದುಕೊಳ್ಳುತ್ತಿದ್ದದ್ದು. ಕೆಲವು ನನಗೆ ಗೊತ್ತಿದ್ದವು, ಕೆಲವು ಗೊತ್ತಿರಲಿಲ್ಲ, ಕೆಲವು ನನ್ನವೇ ಅಂತ ಅನುಮಾನ ಬಂತು. ಆನವಟ್ಟಿ ಬಂತು, ಹೋಯಿತು. ನಾನು ಯಾವುದನ್ನೂ ತಿದ್ದಲಿಲ್ಲ.